ಬಾಡಿಗೆ ಬಾಕಿ, ಓನರ್ ಖಾಲಿ ಮಾಡಿ ಅಂತಾರೆ: ಸರ್ಕಾರ ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ

ಪ್ರಶ್ನೆ: ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್, ಒಂಬತ್ತು ವರ್ಷ ಆಯ್ತು. ನಮ್ಮ ಯಜಮಾನರು ಆಟೊ ಓಡಿಸ್ತಿದ್ರು. ನಾಲ್ಕು ತಿಂಗಳ ಹಿಂದೆ ಕಾರು ಗುದ್ದಿ ಕಾಲು ಮುರೀತು, ಪ್ರೈವೇಟ್ ಆಸ್ಪತ್ರೆಯಲ್ಲಿ ರಾಡ್ ಹಾಕಿದ್ರು. 1 ಲಕ್ಷ 40 ಸಾವಿರ ಖರ್ಚಾಯ್ತು. ಲಗ್ಗೆರೆಯಲ್ಲಿ ನಮ್ಮ ಮನೆ ಬಾಡಿಗೆ 9,000, ಅಡ್ವಾನ್ಸ್ 70,000 ಕೊಟ್ಟಿದ್ದೀವಿ. ಮೂರು ತಿಂಗಳ ಬಾಡಿಗೆ ಬಾಕಿ. ತಿಂಗಳ ಕೊನೆಗೆ ಖಾಲಿ ಮಾಡಿ, ಇಲ್ಲಾಂದ್ರೆ ಬೀಗ ಹಾಕ್ತೀನಿ ಅಂತಿದ್ದಾರೆ ಓನರ್. ಅತ್ತೆ ಇದ್ದಾರೆ, ಇಬ್ಬರು ಮಕ್ಕಳು ಸರ್ಕಾರಿ ಶಾಲೆಗೆ ಹೋಗ್ತಾರೆ. ಬಾಡಿಗೆ ಕಟ್ಟೋಕೆ ಸರ್ಕಾರದ ಯೋಜನೆ ಏನಾದ್ರೂ ಇದೆಯಾ? ಏರಿಯಾದಲ್ಲಿ ಒಬ್ಬರು 60,000 ಕೊಟ್ರೆ ಸ್ಲಂ ಬೋರ್ಡ್ ಮನೆ ಕೊಡಿಸ್ತೀನಿ ಅಂತಾರೆ, ಕೊಡಬಹುದಾ? ನಮ್ಮಕ್ಕ, ಸಾಲ ಮಾಡಿ 5 ಲಕ್ಷಕ್ಕೆ ಲೀಸ್‌ಗೆ ಹೋಗಿ, ಬಾಡಿಗೆ ತಲೆನೋವೇ ಇರಲ್ಲ ಅಂತಾಳೆ. ಏನೂ ಆಗದೆ ಸರ್ಕಾರದ ತಂಗುದಾಣಕ್ಕೆ ಹೋದ್ರೆ ಬೆಗ್ಗರ್ಸ್ ಕಾಲೊನಿಗೆ ಹಾಕ್ತಾರಂತೆ, ನಿಜಾನಾ? ಹೆಸರು ಹಾಕಬೇಡಿ.

ಉತ್ತರ: ಹೆಸರು ಹಾಕಿಲ್ಲ. ಬೆಂಗಳೂರಿನ ಬಾಡಿಗೆದಾರರ ಜೊತೆ, ಸ್ಲಂಗಳ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದವನು ನಾನು. ನಿಮ್ಮ ಪತ್ರದಂಥ ಪತ್ರ ತಿಂಗಳಿಗೆ ನಾಲ್ಕಾದರೂ ಬರುತ್ತದೆ. ನೀವು ಕೇಳಿರುವುದು ನಾಲ್ಕು ಪ್ರಶ್ನೆ, ಆದರೆ ಅದರ ಹಿಂದಿರುವ ಭಯ ಒಂದೇ: ಒಂದನೇ ತಾರೀಕು ಸಾಮಾನು ಎಲ್ಲಿ ಇಡೋದು?

ಮೊದಲ ಪ್ರಶ್ನೆಗೆ ನೇರವಾಗಿ ಹೇಳಿಬಿಡುತ್ತೇನೆ. ಕಷ್ಟದಲ್ಲಿರುವ ಕುಟುಂಬದ ಬಾಕಿ ಬಾಡಿಗೆಯನ್ನು ಸರ್ಕಾರವೇ ಕಟ್ಟುವ ಯೋಜನೆ ಕರ್ನಾಟಕದಲ್ಲಿ ಇಲ್ಲ. ಇದೆ ಎಂದು ಹೇಳಿ ಫಾರಂ ತುಂಬಿಸಿಕೊಂಡು 500 ರೂಪಾಯಿ ಕೇಳುವವರಿದ್ದರೆ ದೂರ ಇಡಿ. ಕೆಲವು ದೇಶಗಳಲ್ಲಿ ಇಂಥ ವ್ಯವಸ್ಥೆ ಇದೆ. ಇಂಗ್ಲೆಂಡಿನಲ್ಲಿ 2017ರಲ್ಲಿ ಒಂದು ಕಾನೂನು ಬಂತು. ಇನ್ನು 56 ದಿನದೊಳಗೆ ಮನೆ ಕಳೆದುಕೊಳ್ಳುವ ಸ್ಥಿತಿ ಇದ್ದರೆ, ಅದನ್ನು ತಪ್ಪಿಸಲು ಅಲ್ಲಿನ ಸ್ಥಳೀಯ ಕೌನ್ಸಿಲ್ ಪ್ರಯತ್ನ ಮಾಡಲೇಬೇಕು. ಓನರ್ ಜೊತೆ ಮಾತಾಡುವುದು, ಬಾಕಿಗೆ ದಾರಿ ಹುಡುಕುವುದು, ಬೇರೆ ಮನೆಗೆ ಅಡ್ವಾನ್ಸ್ ಹೊಂದಿಸುವುದು, ಎಲ್ಲ ಆ ಕೆಲಸದಲ್ಲಿ ಬರುತ್ತದೆ.

ನಮ್ಮಲ್ಲಿ ವಸತಿಗೆ ದುಡ್ಡಿಲ್ಲ ಅಂತಲ್ಲ. ಆ ದುಡ್ಡು ಎರಡು ತುದಿಗೆ ಹೋಗುತ್ತದೆ. ಒಂದು ತುದಿಯಲ್ಲಿ ಸ್ವಂತ ಮನೆ ಕಟ್ಟಿಸಿಕೊಡುವುದು. ಇನ್ನೊಂದು ತುದಿಯಲ್ಲಿ ಆಗಲೇ ಫುಟ್‌ಪಾತ್‌ಗೆ ಬಂದವರಿಗೆ ರಾತ್ರಿ ಮಲಗಲು ಜಾಗ. ನಡುವೆ, ನಿಮ್ಮ ಹಾಗೆ ಮೂರು ತಿಂಗಳು ಎಡವಿದವರಿಗೆ ಏನೂ ಇಲ್ಲ. ಲೆಕ್ಕದಲ್ಲೂ ನೀವು ಸಿಗುವುದಿಲ್ಲ. 2011ರ ಜನಗಣತಿ ದೇಶದಲ್ಲಿ ಸುಮಾರು 17.7 ಲಕ್ಷ ಜನ ವಸತಿರಹಿತರು ಎಂದು ಎಣಿಸಿತು. ಅದು ರಸ್ತೆ ಬದಿ, ಫ್ಲೈಓವರ್ ಕೆಳಗೆ, ದೇವಸ್ಥಾನದ ಮಂಟಪ, ರೈಲ್ವೆ ಪ್ಲಾಟ್‌ಫಾರಂಗಳಲ್ಲಿ ಒಂದು ರಾತ್ರಿ ಕಂಡವರ ಲೆಕ್ಕ. ಮನೆ ಬಿಟ್ಟು ಅಕ್ಕನ ಮನೆಯ ಹಾಲ್‌ನಲ್ಲಿ ಐದು ಜನ ಮಲಗುವ ಕುಟುಂಬ ಅದರಲ್ಲಿ ಬರುವುದಿಲ್ಲ.

ಹಾಗಾದರೆ ನಿಮಗೆ ಏನೂ ಇಲ್ವಾ? ಇದೆ. ಆದರೆ "ವಸತಿ" ಎಂಬ ಬೋರ್ಡ್ ಇರುವ ಆಫೀಸಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ನಾನು ನೋಡಿದ ಹೆಚ್ಚಿನ ಕೇಸುಗಳಲ್ಲಿ ಮನೆ ಕೈತಪ್ಪುವುದು ಶುರುವಾಗುವುದೇ ಆಸ್ಪತ್ರೆಯಲ್ಲಿ. ಬಾಡಿಗೆಗೆ ಇಟ್ಟ ದುಡ್ಡು ಬಿಲ್ಲಿಗೆ ಹೋಗುತ್ತದೆ. ನಿಮ್ಮದೂ ಅದೇ. ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷ ಅಂದರೆ ನಿಮ್ಮ ಸಂಬಳದಲ್ಲಿ ಇಎಸ್‌ಐ, ಅಂದರೆ ನೌಕರರ ಸರ್ಕಾರಿ ಆರೋಗ್ಯ ವಿಮೆ, ಕಟ್ ಆಗುತ್ತಿರಬೇಕು. ಇಎಸ್‌ಐ ನಿಮಗೊಬ್ಬರಿಗೇ ಅಲ್ಲ, ನಿಮ್ಮ ಯಜಮಾನರ ಚಿಕಿತ್ಸೆಗೂ ಸಿಗುತ್ತದೆ. ಇದು ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತೇ ಇಲ್ಲ. "ಗಂಡನ ಹೆಸರಲ್ಲಿ ಹೆಂಡತಿಗೆ ಸಿಗುತ್ತೆ, ಹೆಂಡತಿ ಹೆಸರಲ್ಲಿ ಗಂಡನಿಗೆ ಸಿಗಲ್ಲ" ಎಂದು ನಂಬಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಆದದ್ದು ಆಯಿತು. ಮುಂದಿನ ಡ್ರೆಸ್ಸಿಂಗ್, ಎಕ್ಸ್‌ರೇ, ರಾಡ್ ತೆಗೆಸುವುದು ಇದ್ದರೆ ಅದು, ಎಲ್ಲವನ್ನೂ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ವರ್ಗಾಯಿಸಿ. ಒಂದು ರೂಪಾಯಿಯೂ ಮತ್ತೆ ಪ್ರೈವೇಟ್‌ಗೆ ಹೋಗಬಾರದು.

ಇನ್ನು ದುಡ್ಡು. ನಿಮ್ಮ ಪಿಎಫ್ ಖಾತೆಯಲ್ಲಿ ಒಂಬತ್ತು ವರ್ಷದ ಹಣ ಇದೆ. ಮನೆಯವರ ದೊಡ್ಡ ಆಪರೇಷನ್‌ಗೆ ಎಂದು ಅದರಿಂದ ಮುಂಗಡ ತೆಗೆಯಬಹುದು. ಅದು ಸಾಲ ಅಲ್ಲ, ವಾಪಸ್ ಕಟ್ಟಬೇಕಿಲ್ಲ. ಫ್ಯಾಕ್ಟರಿಯ ಎಚ್‌ಆರ್ ಹತ್ತಿರ ಯುಎಎನ್, ಅಂದರೆ ನಿಮ್ಮ ಪಿಎಫ್‌ನ ನಂಬರ್, ತಗೊಂಡು, ಆಧಾರ್ ಮತ್ತು ಬ್ಯಾಂಕ್ ಖಾತೆ ಅದಕ್ಕೆ ಜೋಡಣೆ ಆಗಿದೆಯಾ ನೋಡಿ. ಹೆಸರಿನ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೆ ಅರ್ಜಿ ವಾಪಸ್ ಬರುತ್ತದೆ. ಅದಕ್ಕೇ ಇವತ್ತೇ ನೋಡಿ ಅನ್ನುತ್ತಿರುವುದು. ನಿವೃತ್ತಿಗೆ ಇಟ್ಟ ಹಣ ಅದು, ಮುಟ್ಟಲು ನನಗೂ ಮನಸ್ಸಿಲ್ಲ. ಆದರೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತರುವ ಕೈಸಾಲಕ್ಕಿಂತ ಅದೇ ವಾಸಿ.

ಆಕ್ಸಿಡೆಂಟ್ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಕಾರು ಗುದ್ದಿತು ಅಂದಿರಿ, ಪೊಲೀಸ್ ದೂರು ಆಗಿದೆಯಾ? ಎಫ್‌ಐಆರ್ ಇದ್ದರೆ ಆ ಕಾರಿನ ವಿಮೆಯಿಂದ ಪರಿಹಾರ ಕೇಳಿ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಬಹುದು. ಕಾಯ್ದೆ ಇದಕ್ಕೆ ಆರು ತಿಂಗಳ ಗಡುವು ಹೇಳುತ್ತದೆ, ನಿಮಗೆ ನಾಲ್ಕು ಕಳೆದಿದೆ. ಜೊತೆಗೆ ವಾಣಿಜ್ಯ ವಾಹನ ಓಡಿಸುವವರಿಗೆ ರಾಜ್ಯದ ಕಾರ್ಮಿಕ ಇಲಾಖೆಯ ಅಪಘಾತ ಪರಿಹಾರ ಯೋಜನೆಯೂ ಇದೆ. ಯಜಮಾನರ ಡಿಎಲ್, ಬ್ಯಾಡ್ಜ್, ಡಿಸ್ಚಾರ್ಜ್ ಸಮ್ಮರಿ, ಬಿಲ್ಲುಗಳನ್ನು ತಗೊಂಡು ಹತ್ತಿರದ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ ಕೇಳಿ. ಈ ಎರಡೂ ಹಣ ಈ ತಿಂಗಳು ಬರುವುದಿಲ್ಲ. ಆದರೆ ಬರಬೇಕಾದ ಹಣ ಇದೆ ಎಂಬ ಕಾಗದ ಕೈಯಲ್ಲಿದ್ದರೆ ಓನರ್ ಮಾತಾಡುವ ರೀತಿಯೇ ಬೇರೆಯಾಗುತ್ತದೆ. ಗೃಹಲಕ್ಷ್ಮಿಯ 2,000 ಬರುತ್ತಿದ್ದರೆ ಒಳ್ಳೆಯದೇ, ಅದು ಬರುವ ತಾರೀಕನ್ನು ನಂಬಿ ಮಾತ್ರ ಯಾರಿಗೂ ಮಾತು ಕೊಡಬೇಡಿ.

ಈಗ ಬೀಗದ ವಿಷಯ. ಓನರ್ ಬೀಗ ಹಾಕುವ ಹಾಗಿಲ್ಲ. ಸಾಮಾನು ಹೊರಗೆ ಹಾಕುವುದು, ನೀರು, ಕರೆಂಟು ಕಟ್ ಮಾಡುವುದು, ಯಾವುದೂ ಅವರ ಕೈಯಲ್ಲಿಲ್ಲ. ಬಾಡಿಗೆ ಬಾಕಿ ಇದ್ದರೂ ಅಷ್ಟೇ, 11 ತಿಂಗಳ ಅಗ್ರಿಮೆಂಟ್ ಮುಗಿದಿದ್ದರೂ ಅಷ್ಟೇ. ತಿಂಗಳ ಬಾಡಿಗೆಯ ಮನೆಗೆ ಕಾನೂನು ಪ್ರಕಾರ 15 ದಿನದ ಲಿಖಿತ ನೋಟಿಸ್ ಕೊಡಬೇಕು. ಅದಾದ ಮೇಲೂ ನೀವು ಬಿಡದಿದ್ದರೆ ಕೋರ್ಟ್‌ಗೆ ಹೋಗಿ ಆದೇಶ ತರಬೇಕು. ಬಲವಂತವಾಗಿ ಹೊರಗೆ ಹಾಕಿದರೆ, ಆರು ತಿಂಗಳೊಳಗೆ ದಾವೆ ಹಾಕಿ ಮನೆ ಮತ್ತೆ ಸ್ವಾಧೀನಕ್ಕೆ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿ ಅವಕಾಶ ಇದೆ.

ಹಾಗಂತ ಯಾರಾದರೂ "ಓನರ್ ಏನೂ ಮಾಡಕ್ಕಾಗಲ್ಲ, ಸುಮ್ನೆ ಕೂತ್ಕೊಳ್ಳಿ" ಎಂದರೆ ಕೇಳಬೇಡಿ. ಕಾನೂನು ನಿಮಗೆ ಕೊಡುವುದು ಸಮಯ, ಮನೆ ಅಲ್ಲ. ಬಾಕಿ ಏರುತ್ತಾ ಹೋದರೆ ಕೊನೆಗೆ ಕೇಸು ಅವರ ಪರವೇ ಆಗುತ್ತದೆ, ಅಷ್ಟರಲ್ಲಿ ಅಡ್ವಾನ್ಸ್ ಪೂರ್ತಿ ಕರಗಿರುತ್ತದೆ. ಕರ್ನಾಟಕ ಬಾಡಿಗೆ ಕಾಯ್ದೆ ರಕ್ಷಿಸುತ್ತದೆ ಅನ್ನುವವರೂ ಇದ್ದಾರೆ. 1999ರ ಆ ಕಾಯ್ದೆ ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗೆ ಅನ್ವಯವೇ ಆಗುವುದಿಲ್ಲ. ಲಗ್ಗೆರೆಯಲ್ಲಿ ಈಗ 3,500ಕ್ಕೆ ಒಂದು ಶೀಟ್ ಮನೆ ಸಿಕ್ಕರೆ ನನಗೂ ತಿಳಿಸಿ! ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಎಂದಿದೆ. ಆದರೆ ಅದು ಬರೀ ಮಾದರಿ, ರಾಜ್ಯ ತನ್ನ ಕಾನೂನಾಗಿ ತಂದರೆ ಮಾತ್ರ ಓನರ್‌ಗಳನ್ನು ಕಟ್ಟಿಹಾಕುತ್ತದೆ.

ನಿಮ್ಮ ಕೈಯಲ್ಲಿರುವ ದೊಡ್ಡ ಅಸ್ತ್ರ ಆ 70,000. ಮೂರು ತಿಂಗಳ ಬಾಕಿ 27,000 ಕಳೆದರೆ 43,000 ಇನ್ನೂ ನಿಮ್ಮದೇ. ಮುಂದಿನ ಮನೆಗೆ ಬೀಜ ಅದು. ಪ್ರತಿ ತಿಂಗಳು ಸುಮ್ಮನಿದ್ದಷ್ಟೂ ಅದರಿಂದ 9,000 ಹೋಗುತ್ತದೆ. ಆದ್ದರಿಂದ ಜಗಳಕ್ಕಿಂತ ಮೊದಲು ಒಪ್ಪಂದಕ್ಕೆ ಕೂರಿ. ಓನರ್‌ಗೂ ಕೋರ್ಟ್ ಬೇಡ. ನಾನು ಕೂರಿಸಿ ಮಾತಾಡಿದ ಓನರ್‌ಗಳಲ್ಲಿ ಹೆಚ್ಚಿನವರು ಒಂದೋ ಎರಡೋ ಮನೆಯ ಬಾಡಿಗೆಯಲ್ಲೇ ಬ್ಯಾಂಕ್ ಕಂತು ಕಟ್ಟುವವರು. ಕೆಟ್ಟವರಲ್ಲ, ಹೆದರಿದವರು.

ಮಾತು ಮುಂದೆ ಹೋಗದಿದ್ದರೆ ಉಚಿತ ಕಾನೂನು ನೆರವು ಕೇಳಿ. ಸಾಲಿನಲ್ಲಿ ನಿಲ್ಲುವ ಯೋಜನೆ ಅಲ್ಲ ಇದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ. ಅರ್ಜಿ ಯಜಮಾನರ ಹೆಸರಲ್ಲಿ ಅಲ್ಲ, ನಿಮ್ಮ ಹೆಸರಲ್ಲಿ ಇರಲಿ. ಕೇಸು ದಾಖಲಾಗುವ ಮೊದಲೇ ಓನರ್‌ಗೆ ಒಂದು ಕಾಗದ ಕಳಿಸಿ ಕರೆಸಿ ರಾಜಿ ಮಾಡಿಸುತ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಕೋರ್ಟ್ ಡಿಕ್ರಿಯ ಬೆಲೆ ಇದೆ. ನನ್ನ ಅನುಭವದಲ್ಲಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ವ್ಯವಸ್ಥೆಗಳಲ್ಲಿ, ಮನೆ ಕೈತಪ್ಪದ ಹಾಗೆ ನಿಜವಾಗಿ ತಡೆಯುವುದು ಇದೊಂದೇ. ವಿಚಿತ್ರ ಅಂದರೆ ಯಾವ ವಸತಿ ಯೋಜನೆಯ ಪಟ್ಟಿಯಲ್ಲೂ ಇದರ ಹೆಸರಿಲ್ಲ.

ಸ್ಲಂ ಬೋರ್ಡ್ ಮನೆಗೆ 60,000: ಕೊಡಬೇಡಿ. ಒಂದು ರೂಪಾಯಿಯೂ ಕೊಡಬೇಡಿ. ಕೊಳಗೇರಿ ಅಭಿವೃದ್ಧಿ ಮಂಡಳಿಯ ಮನೆಗಳು 1973ರ ಕಾಯ್ದೆಯ ಪ್ರಕಾರ ಘೋಷಣೆಯಾದ ಕೊಳಗೇರಿಗಳಲ್ಲಿ ವಾಸ ಇರುವ, ಸರ್ವೆಯಲ್ಲಿ ಹೆಸರಿರುವ ಕುಟುಂಬಗಳಿಗೆ. ನೀವು ಇರುವುದು ಖಾಸಗಿ ಕಟ್ಟಡದಲ್ಲಿ. ಪಟ್ಟಿಯಲ್ಲಿ ಇಲ್ಲದ ನಿಮಗೆ ಅವರು "ಕೊಡಿಸುವುದು" ಹೆಚ್ಚೆಂದರೆ ಇನ್ಯಾರಿಗೋ ಮಂಜೂರಾದ ಮನೆಯ ಬೀಗದ ಕೈ ಮತ್ತು ಒಂದು ಜಿಪಿಎ, ಅಂದರೆ ಅಧಿಕಾರ ಪತ್ರದ ಕಾಗದ. ಜಿಪಿಎ ಮೇಲೆ ಆಸ್ತಿಯ ಹಕ್ಕು ವರ್ಗಾವಣೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಪರಿಶೀಲನೆಗೆ ಬಂದವರು ಮಂಜೂರಾತಿ ಪತ್ರ ಕೇಳಿದ ದಿನ ನೀವು ಮತ್ತೆ ಬೀದಿಗೆ. ಒಂದು ಬ್ಲಾಕಿನಲ್ಲಿ ಹೀಗೆ ಸೇರಿಕೊಂಡಿದ್ದ ಒಂಬತ್ತು ಮನೆಯವರನ್ನು ಒಂದೇ ವಾರದಲ್ಲಿ ಖಾಲಿ ಮಾಡಿಸಿದ್ದನ್ನು ನೋಡಿದ್ದೇನೆ. ಕೊಡಿಸಿದವನು ಅಷ್ಟರಲ್ಲಿ ಏರಿಯಾನೇ ಬದಲಾಯಿಸಿದ್ದ.

ನ್ಯಾಯವಾದ ದಾರಿ ಇಲ್ವಾ? ಇದೆ, ಉದ್ದ ಇದೆ. ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಎರಡನೇ ಹಂತ 2024ರ ಸೆಪ್ಟೆಂಬರ್‌ನಲ್ಲಿ ಶುರುವಾಗಿದೆ. ವರ್ಷದ ಆದಾಯ 3 ಲಕ್ಷದೊಳಗಿನ ಕುಟುಂಬಕ್ಕೆ ಕೇಂದ್ರದಿಂದ ಒಂದೂವರೆ ಲಕ್ಷ, ರಾಜ್ಯದಿಂದ ಕನಿಷ್ಠ 1 ಲಕ್ಷ. ಹಣ ಕೈಗೆ ಬರುವುದಿಲ್ಲ, ಮನೆಯ ಬೆಲೆಯಲ್ಲಿ ಕಡಿತ. ಉಳಿದ ಹಲವು ಲಕ್ಷ ನೀವೇ ತರಬೇಕು, ಸಾಮಾನ್ಯವಾಗಿ ಬ್ಯಾಂಕ್ ಸಾಲದಲ್ಲಿ. ಮೊದಲ ಹಂತದಲ್ಲಿ ಕರ್ನಾಟಕದಲ್ಲಿ ಎಡವಿದ್ದೇ ಇಲ್ಲಿ. ಫಲಾನುಭವಿಯ ಪಾಲು ಕಟ್ಟಲು ಆಗದೆ ಕಟ್ಟಡಗಳು ಅರ್ಧಕ್ಕೆ ನಿಂತವು. ಆಮೇಲೆ ಸ್ಲಂ ಬೋರ್ಡ್ ಮನೆಗಳಲ್ಲಿ ಆ ಪಾಲಿನ ದೊಡ್ಡ ಭಾಗ ರಾಜ್ಯವೇ ಹೊರಲು ಒಪ್ಪಿತು. 2024ರ ಮಾರ್ಚ್‌ನಲ್ಲಿ 36 ಸಾವಿರಕ್ಕೂ ಹೆಚ್ಚು ಮನೆ ಹಂಚಿದರು. ರಾಜೀವ್ ಗಾಂಧಿ ವಸತಿ ನಿಗಮದ ಬಹುಮಹಡಿ ಮನೆಗಳೂ ಇವೆ, ಅರ್ಜಿ ಆನ್‌ಲೈನ್. ಆದರೆ ಅವು ಊರಾಚೆ. ಅಲ್ಲಿಂದ ಪೀಣ್ಯದ ಶಿಫ್ಟ್‌ಗೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಸ್ ಎಂದು ಮೊದಲು ನೋಡಿ.

ಇಲ್ಲೊಂದು ಎಚ್ಚರಿಕೆ. ಈ ಯೋಜನೆಗೆ ದೇಶದಲ್ಲಿ ಎಲ್ಲೂ ನಿಮ್ಮ ಕುಟುಂಬಕ್ಕೆ ಪಕ್ಕಾ ಮನೆ ಇರಬಾರದು, ಹಿಂದಿನ 20 ವರ್ಷದಲ್ಲಿ ಯಾವ ಸರ್ಕಾರಿ ಮನೆಯನ್ನೂ ಪಡೆದಿರಬಾರದು. "ಊರಲ್ಲಿ ಗ್ರಾಮಸಭೆಯಲ್ಲಿ ಹೆಸರು ಸೇರಿಸಿ ಒಂದು ಮನೆ ಮಾಡ್ಕೊಂಡ್ಬಿಡಿ" ಎಂದು ನೆಂಟರು ಹೇಳಬಹುದು. ಯಜಮಾನರ ಹೆಸರಲ್ಲಿ ಅದಾದರೆ ಬೆಂಗಳೂರಿನ ಬಾಗಿಲು ಮುಚ್ಚಿತು. ಊರಿಗೆ ವಾಪಸ್ ಹೋಗುವ ಮನಸ್ಸಿದ್ದರೆ ಅದು ಒಳ್ಳೆಯ ದಾರಿಯೇ. ಇಲ್ಲದಿದ್ದರೆ, ಬೀಗ ಹಾಕಿಡುವ ಮನೆಗಾಗಿ ಇಲ್ಲಿನದನ್ನು ಕಳೆದುಕೊಳ್ಳಬೇಡಿ. ಯಾವ ಯೋಜನೆಯಾದರೂ ಹಣ ಮಂಡಳಿಯ ಅಥವಾ ನಿಗಮದ ಹೆಸರಿನ ಡಿಡಿ, ಚಲನ್‌ನಲ್ಲೇ ಹೋಗಬೇಕು. ನಗದು ಕೇಳಿದರೆ ಅಲ್ಲಿಗೆ ಎದ್ದು ಬನ್ನಿ.

ಅಕ್ಕ ಹೇಳಿದ ಲೀಸ್ ವಿಷಯ. ಅಂದರೆ ಒಟ್ಟಿಗೆ ದುಡ್ಡು ಕೊಟ್ಟು ಬಾಡಿಗೆ ಇಲ್ಲದೆ ಇರುವುದು, ಬಿಡುವಾಗ ಆ ದುಡ್ಡು ವಾಪಸ್ ತಗೊಳ್ಳುವುದು. 5 ಲಕ್ಷ ನಿಮ್ಮದೇ ಇದ್ದಿದ್ದರೆ ಮಾತು ಬೇರೆ. ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದರೂ ತಿಂಗಳಿಗೆ 10,000 ಬಡ್ಡಿ. ಈಗಿನ ಬಾಡಿಗೆ 9,000! ಅಸಲು ಹಾಗೇ ನಿಂತಿರುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಲೀಸ್‌ಗೆ ಮನೆ ಕೊಡುವವರಿಗೆ ಒಟ್ಟಿಗೆ ದುಡ್ಡು ಏಕೆ ಬೇಕು ಎಂಬ ಪ್ರಶ್ನೆಯಲ್ಲಿದೆ. ಎಷ್ಟೋ ಸಲ ಆ ಮನೆ ಆಗಲೇ ಬ್ಯಾಂಕಿನಲ್ಲಿ ಅಡ ಇರುತ್ತದೆ. ಕಂತು ನಿಂತರೆ ಬ್ಯಾಂಕು ಸಾಲ ವಸೂಲಿಯ ಸರ್ಫೇಸಿ ಕಾನೂನಿನಲ್ಲಿ ಮನೆ ವಶಕ್ಕೆ ಬರುತ್ತದೆ. ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗುವ ಹಕ್ಕು ಬಾಡಿಗೆದಾರರಿಗೆ 2016ರಿಂದ ಇದೆ. ಆದರೆ ರಿಜಿಸ್ಟರ್ ಆಗದ, ಅಡಮಾನದ ನಂತರ ಬರೆದ ಲೀಸ್ ಕಾಗದ ಅಲ್ಲಿ ನಿಲ್ಲುವುದು ಬಹಳ ಕಷ್ಟ. ಮನೆಯೂ ಇಲ್ಲ, 5 ಲಕ್ಷವೂ ಇಲ್ಲ, ಬಡ್ಡಿ ಮಾತ್ರ ಇದೆ. ಇನ್ನು ನಡುವೆ ಏಜೆನ್ಸಿ ಇರುವ ಲೀಸ್ ಇದಕ್ಕಿಂತ ಕೆಟ್ಟದ್ದು. ನಿಮ್ಮಿಂದ ಲೀಸ್ ಹಣ ತಗೊಂಡು ಓನರ್‌ಗೆ ತಿಂಗಳ ಬಾಡಿಗೆ ಕೊಡುತ್ತಾರೆ. ಒಂದು ದಿನ ಆಫೀಸಿಗೆ ಬೀಗ. ಓನರ್ ಪಾಲಿಗೆ ನೀವು ಬಾಡಿಗೆ ಕೊಡದವರು. ಮುಂದೆ ಯಾವತ್ತಾದರೂ ಲೀಸ್‌ಗೆ ಹೋಗುವುದಾದರೆ ಇಸಿ, ಅಂದರೆ ಮನೆಯ ಋಣಭಾರ ಪತ್ರ, ತೆಗೆಸಿ ನೋಡಿ, ಮನೆಯ ಖಾತೆಯಲ್ಲಿ ಹೆಸರಿರುವವರ ಜೊತೆಗೇ ಅಗ್ರಿಮೆಂಟ್ ಮಾಡಿ ರಿಜಿಸ್ಟರ್ ಮಾಡಿಸಿ, ಹಣ ಬ್ಯಾಂಕಿನಿಂದ ಬ್ಯಾಂಕಿಗೆ ಹಾಕಿ. ಈಗ ಬೇಡ.

ತಂಗುದಾಣ ಮತ್ತು ಬೆಗ್ಗರ್ಸ್ ಕಾಲೊನಿ ಎರಡೂ ಬೇರೆ ಬೇರೆ. ಜನ ಬೆಗ್ಗರ್ಸ್ ಕಾಲೊನಿ ಅನ್ನುವ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಕೆಳಗೆ ನಡೆಯುತ್ತದೆ, ಭಿಕ್ಷೆ ಬೇಡುವವರಿಗೆ. ನಗರದ ವಸತಿರಹಿತರ ಆಶ್ರಯ ಕೇಂದ್ರಗಳ ಹಿಂದೆ ಇರುವುದು ಸುಪ್ರೀಂ ಕೋರ್ಟಿನ ಆದೇಶಗಳು ಮತ್ತು 2024ರವರೆಗೆ ನಡೆದ ಕೇಂದ್ರದ ನಗರ ಜೀವನೋಪಾಯ ಅಭಿಯಾನ. ಅಲ್ಲಿಗೆ ಹೋದರೆ ಯಾರೂ ನಿಮ್ಮನ್ನು ಹಿಡಿದಿಡುವುದಿಲ್ಲ, ಕೆಲಸಕ್ಕೆ ಹೋಗಿ ಬರಬಹುದು. ಆ ಅಭಿಯಾನದ ನಿಯಮದಲ್ಲಿ ಪ್ರತಿ 1 ಲಕ್ಷ ಜನಸಂಖ್ಯೆಗೆ 100 ಜನಕ್ಕೆ ಜಾಗ ಇರಬೇಕಿತ್ತು, ಒಬ್ಬರಿಗೆ 50 ಚದರ ಅಡಿ. ಆ ಲೆಕ್ಕದ ಹತ್ತಿರಕ್ಕೂ ಬೆಂಗಳೂರು ಬಂದಿಲ್ಲ. ಇರುವುದರಲ್ಲೂ ಹೆಚ್ಚಿನವು ಒಂಟಿ ಗಂಡಸರಿಗೆ. ರಾಡ್ ಹಾಕಿದ ಕಾಲಿನ ಯಜಮಾನರು ಒಂದು ಕಡೆ, ನೀವು, ಮಕ್ಕಳು, ಅತ್ತೆ ಇನ್ನೊಂದು ಕಡೆ ಆಗುವ ಸಂಭವವೇ ಜಾಸ್ತಿ. ಕೆಟ್ಟ ಜಾಗ ಅಂತಲ್ಲ, ನಿಮ್ಮಂಥ ಸಂಸಾರಕ್ಕೆ ಮಾಡಿದ್ದಲ್ಲ. ಎರಡು ರಾತ್ರಿಯ ಮಟ್ಟಿಗೆ ಬೇರೆ ದಾರಿ ಇಲ್ಲದಿದ್ದರೆ ಮಾತ್ರ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಐದು ನಗರ ಪಾಲಿಕೆ ಆಗಿವೆ, ನಿಮ್ಮ ವಾರ್ಡ್ ಕಚೇರಿಯಲ್ಲಿ ಯಾವ ಪಾಲಿಕೆಯ ಕೇಂದ್ರ ಹತ್ತಿರ ಎಂದು ಕೇಳಿ.

ಮಕ್ಕಳ ಬಗ್ಗೆ ಹೆದರಬೇಡಿ. ಏರಿಯಾ ಬದಲಾದರೆ ಟಿಸಿ ತಡವಾಯಿತೆಂದು ಹೊಸ ಸರ್ಕಾರಿ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. ರೇಷನ್ನೂ ಅಷ್ಟೇ, ನಿಮ್ಮ ಕಾರ್ಡಿಗೆ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಸಿಗುತ್ತದೆ.

ಈ ಭಾನುವಾರ ಓನರ್ ಹತ್ತಿರ ಹೋಗಿ. ಯಜಮಾನರನ್ನೂ ಕರೆದುಕೊಂಡು ಹೋಗಿ, ಕಾಲು ಕಾಣಲಿ. ಹೀಗೆ ಬರೆಸಿಕೊಳ್ಳಲು ಕೇಳಿ: "ಬಾಕಿ 27,000 ಅಡ್ವಾನ್ಸ್‌ನಲ್ಲಿ ವಜಾ ಮಾಡಿಕೊಳ್ಳುವುದು. ಉಳಿದ ಅಡ್ವಾನ್ಸ್ 43,000. ಮುಂದಿನ ಎರಡು ತಿಂಗಳ ಬಾಡಿಗೆ ಆಯಾ ತಿಂಗಳ 10ನೇ ತಾರೀಕಿನೊಳಗೆ ಕಟ್ಟುವುದು. ಕಟ್ಟಿದರೆ ಬಾಡಿಗೆ ಮುಂದುವರಿಯುವುದು. ಕಟ್ಟಲಾಗದಿದ್ದರೆ ಎರಡು ತಿಂಗಳ ಕೊನೆಗೆ ಮನೆ ಖಾಲಿ ಮಾಡುವುದು, ಬೀಗದ ಕೈ ಕೊಟ್ಟ ದಿನವೇ ಉಳಿದ ಅಡ್ವಾನ್ಸ್ ಬ್ಯಾಂಕ್ ಖಾತೆಗೆ ಹಾಕುವುದು." ಪೇಂಟಿಂಗ್‌ಗೆ ಎಂದು ಒಂದು ತಿಂಗಳ ಬಾಡಿಗೆ ಹಿಡಿಯುತ್ತೀನಿ ಅನ್ನುತ್ತಾರೆ, ಹಳೆಯ ಅಗ್ರಿಮೆಂಟ್‌ನಲ್ಲಿ ಹಾಗೆ ಬರೆದಿದೆಯಾ ಎಂದು ಹೋಗುವ ಮೊದಲೇ ಓದಿಕೊಂಡು ಹೋಗಿ. ಎರಡು ಪ್ರತಿ ಮಾಡಿ, ಇಬ್ಬರೂ ಸಹಿ ಹಾಕಿ. ಸಹಿ ಹಾಕದಿದ್ದರೆ ಸೋಮವಾರ ಬೆಳಿಗ್ಗೆ, ಶಿಫ್ಟ್‌ಗೆ ಹೋಗುವ ಮೊದಲು, 15100.